ಎಡಗೈಗೊಂದು ಬ್ಯಾಂಜೊ

ಮೊನ್ನೆ ಅಡುಗೆಮನೆಯಲ್ಲಿ ನಮ್ಮತ್ತೆ ಶುಂಠಿಯ ಸಿಪ್ಪೆ ಕೆರೆಯುತ್ತಿದ್ದರು. ಚಾಕುವಿನಿಂದಲ್ಲ, ಚಮಚದಿಂದಲೂ ಅಲ್ಲ. ಕಿತ್ತಳೆ ಬಣ್ಣದ ಮೂರು ಮೂಲೆಯ ಪ್ಲಾಸ್ಟಿಕ್ ಬಿಲ್ಲೆಯೊಂದರಿಂದ. ಅದು ನನ್ನ ಬ್ಯಾಂಜೊದ ತಂತಿ ಮೀಟುವ ಬಿಲ್ಲೆ. ಅದಕ್ಕಾಗಿ ಹಿಂದಿನ ದಿನವೆಲ್ಲ ಸೋಫಾದ ಹೊಟ್ಟೆ ಬಗೆದು ಹುಡುಕಿದ್ದೆ. ಕೇಳಿದರೆ, ಇಷ್ಟು ಚೆನ್ನಾಗಿ ಸಿಪ್ಪೆ ತೆಗೆಯುವ ವಸ್ತುವನ್ನು ತಂತಿ ಕೆರೆಯುವುದಕ್ಕೆ ಹಾಳು ಮಾಡುತ್ತಿದ್ದೀಯಲ್ಲ ಎಂದು ನನಗೇ ಬುದ್ಧಿ ಹೇಳಿದರು.

ಬ್ಯಾಂಜೊ ಎಂದ ಕೂಡಲೇ ನಿಮ್ಮ ಕಣ್ಮುಂದೆ ಏನು ಬಂತೆಂದು ನನಗೆ ಗೊತ್ತು. ಟೈಪ್‌ರೈಟರಿನಂಥ ಗುಂಡಿಗಳಿರುವ, ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲಿ ಹಳೆಯ ಸಿನಿಮಾ ಹಾಡುಗಳನ್ನು ಕುಟ್ಟುವ ಪೆಟ್ಟಿಗೆ. ಅದಲ್ಲ. ಇದು ಐರಿಶ್ ಜನಪದ ಸಂಗೀತದ ಟೆನರ್ ಬ್ಯಾಂಜೊ. ದೊಡ್ಡದೊಂದು ಕಂಜಿರಕ್ಕೆ ಉದ್ದನೆಯ ಕುತ್ತಿಗೆ ಅಂಟಿಸಿ, ನಾಲ್ಕು ತಂತಿ ಬಿಗಿದರೆ ಹೇಗಿರುತ್ತದೋ ಹಾಗಿರುತ್ತದೆ. ಅದೂ ನನ್ನದು ಎಡಗೈಯವರದು. ಬೇಗೂರಿನಲ್ಲಿ ಐರಿಶ್ ಸಂಗೀತ ನುಡಿಸುವ ಎಡಚರ ಸಂಘವೇನಾದರೂ ಸ್ಥಾಪನೆಯಾದರೆ ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ ಎಲ್ಲವೂ ನಾನೇ. ಚುನಾವಣೆಯಲ್ಲಿ ಅಕ್ರಮ ನಡೆಯುವ ಸಂಭವವೇ ಇಲ್ಲ.

ಎಡಚರ ಕಷ್ಟ ಬಲಗೈಯವರಿಗೆ ಹೇಳಿ ಪ್ರಯೋಜನವಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ನೀವು ಬಹುಶಃ ಬಲಗೈಯವರೇ.

ನಾನು ಹುಟ್ಟಿ ಬೆಳೆದದ್ದು ಜಾಲಹಳ್ಳಿಯ ಒಂದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಲ್ಲಿ ಬೀದಿಗಳು ನೇರ, ಮರಗಳ ಸಾಲು ನೇರ, ಸೈರನ್ ಕೂಗಿದರೆ ಅಪ್ಪಂದಿರೆಲ್ಲ ಸೈಕಲ್ಲೇರಿ ಗೇಟಿಗೆ ನೇರ. ಇಂಥ ನೆಟ್ಟಗಿನ ಜಾಗದಲ್ಲಿ ನಾನೊಬ್ಬಳು ಎಡಕ್ಕೆ ವಾಲಿಕೊಂಡು ಹುಟ್ಟಿದೆ. ಅಕ್ಷರಾಭ್ಯಾಸದ ದಿನ ತಟ್ಟೆಯ ಅಕ್ಕಿಯ ಮೇಲೆ ಎಡಗೈಯಲ್ಲಿ ಬರೆಯಲು ಹೋದೆನಂತೆ. ಪುರೋಹಿತರು ನನ್ನ ಕೈ ಬದಲಾಯಿಸಿದರು. ಅಲ್ಲಿಂದ ಮುಂದೆ ನನ್ನ ಕೈ ಬದಲಾಯಿಸುವುದು ಎಲ್ಲರ ಪಾಲಿಗೂ ಒಂದು ಸಾರ್ವಜನಿಕ ಸೇವೆಯಾಯಿತು. ಶಾಲೆಯಲ್ಲಿ ಮಿಸ್ಸು ಸ್ಕೇಲಿನಿಂದ, ದೇವಸ್ಥಾನದಲ್ಲಿ ಅರ್ಚಕರು ಕಣ್ಣಿನಿಂದ, ಕಿರಾಣಿ ಅಂಗಡಿಯವರು ಕೆಮ್ಮಿನಿಂದ ಈ ಸೇವೆ ಸಲ್ಲಿಸಿದರು. ಅಪ್ಪ ಮಾತ್ರ ತಾಂತ್ರಿಕ ಕಾರಣ ಕೊಡುತ್ತಿದ್ದರು: ಲೋಕದ ಲೇತ್ ಯಂತ್ರಗಳನ್ನೆಲ್ಲ ಬಲಗೈಯವರಿಗೆಂದೇ ಮಾಡಿದ್ದಾರೆ, ನಿನಗೋಸ್ಕರ ಯಾರೂ ಹೊಸದು ಮಾಡುವುದಿಲ್ಲ ಎಂದು. ನನಗೆ ಆಗ ಲೇತ್ ಓಡಿಸುವ ಯಾವ ಯೋಚನೆಯೂ ಇರಲಿಲ್ಲ.

ಕೊನೆಗೆ ಒಂದು ಒಪ್ಪಂದವಾಯಿತು. ಬರೆಯುವುದು, ಉಣ್ಣುವುದು, ಅರಿಸಿನ ಕುಂಕುಮ ಕೊಡುವುದು ಬಲಗೈಗೆ. ತಲೆ ಬಾಚುವುದು, ಚೆಂಡು ಎಸೆಯುವುದು, ತಮ್ಮನಿಗೆ ಹೊಡೆಯುವುದು ಎಡಗೈಗೆ. ನನ್ನ ಬಲಗೈ ಬರಹ ನೋಡಿದವರೆಲ್ಲ ಕಾಗೆಕಾಲು ಗುಬ್ಬಿಕಾಲು ಎಂದರು. ಅದು ತಮ್ಮ ಸುಧಾರಣೆಯ ಫಲ ಎಂದು ಯಾರೂ ಒಪ್ಪಿಕೊಳ್ಳಲಿಲ್ಲ.

ಇಷ್ಟಾದರೂ ನನಗೆ ಬೇಸರವಿರಲಿಲ್ಲ. ಬೇಸರವಾದದ್ದು ವೀಣೆಯ ವಿಷಯದಲ್ಲಿ. ಕ್ವಾರ್ಟರ್ಸಿನ ಕೊನೆಯ ಸಾಲಿನಲ್ಲಿ ಒಬ್ಬರು ಟೀಚರು ವೀಣೆ ಹೇಳಿಕೊಡುತ್ತಿದ್ದರು. ಅವರ ಮನೆಯ ಮುಂದೆ ಸುಮ್ಮಸುಮ್ಮನೆ ಓಡಾಡುತ್ತಿದ್ದ ನನ್ನನ್ನು ನೋಡಿ ಅಮ್ಮ ಕರೆದುಕೊಂಡು ಹೋಗಿ ಸೇರಿಸಿದರು. ಮೊದಲ ದಿನ ವೀಣೆಯ ಮುಂದೆ ಕೂರಿಸಿದಾಗ ನನ್ನ ಎಡಗೈ ತಾನಾಗಿ ಮೀಟಲು ಹೋಯಿತು. ಟೀಚರು ಗೋಡೆಯ ಮೇಲಿನ ಕ್ಯಾಲೆಂಡರ್ ಸರಸ್ವತಿಯನ್ನು ತೋರಿಸಿ, ಅವಳಿಗಿಂತ ನೀನು ದೊಡ್ಡವಳೇನಮ್ಮ ಎಂದು ಕೇಳಿದರು. ಸರಸ್ವತಿಗೆ ನಾಲ್ಕು ಕೈಗಳಿವೆ, ಎಡಬಲ ಅವಳಿಗೊಂದು ಸಮಸ್ಯೆಯೇ ಅಲ್ಲ ಎಂಬ ಉತ್ತರ ನನಗೆ ಹೊಳೆದದ್ದು ನನ್ನ ಮಗಳು ಕಾಲೇಜು ಸೇರಿದ ಮೇಲೆ. ಆ ದಿನ ಅಳುತ್ತ ಮನೆಗೆ ಬಂದೆ. ಸಂಗೀತ ನನ್ನ ಪಾಲಿಗೆ ಮುಗಿಯಿತು. ಅಮ್ಮ ನನ್ನನ್ನು ಹೊಲಿಗೆ ಕ್ಲಾಸಿಗೆ ಸೇರಿಸಿದರು. ಕತ್ತರಿಯೂ ಬಲಗೈಯವರದೇ ಎಂಬ ಜ್ಞಾನ ಅಲ್ಲಿ ದೊರೆಯಿತು.

ಮದುವೆಯಾಗಿ ಬಂದದ್ದು ಬೆಂಗಳೂರಿನ ಇನ್ನೊಂದು ತುದಿಯ ಬೇಗೂರಿಗೆ. ಗಂಡ ಮಂಜುನಾಥರ ಮನೆಯವರು ಹಳೆಯ ಊರಿನವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮಹಡಿಮನೆ ಬೆಳೆದಿದೆ. ಒಂದೊಂದು ಮಹಡಿಯಲ್ಲೂ ಬಾಡಿಗೆದಾರರ ಫಸಲು. ಮಳೆಗಾಗಿ ಆಕಾಶ ನೋಡುತ್ತಿದ್ದ ವಂಶ ಈಗ ಮೋಡ ಕಂಡರೆ ನೆಲದಡಿಯ ಸಂಪ್‌ಗೆ ಚರಂಡಿ ನೀರು ನುಗ್ಗುತ್ತದೆ ಎಂದು ಬೈಯುತ್ತದೆ. ಈ ಎಲ್ಲದರ ಆಡಳಿತ ನಮ್ಮತ್ತೆ ಜಯಮ್ಮನವರದು. ನಾನು ಬಂದ ಹೊಸದರಲ್ಲಿ ಮನೆಯಲ್ಲೊಂದು ಸಮಾರಂಭವಿತ್ತು. ಉತ್ಸಾಹದಿಂದ ಪಾಯಸದ ಸೌಟನ್ನು ಎಡಗೈಯಲ್ಲಿ ಎತ್ತಿ ಬಡಿಸಹೊರಟೆ. ಇಡೀ ಪಂಕ್ತಿ ಎಲೆಗೆ ಕೈ ಅಡ್ಡ ಹಿಡಿಯಿತು. ಅತ್ತೆ ಬಂದು ಸೌಟು ತೆಗೆದುಕೊಂಡು ನೆಂಟರ ಕಡೆ ತಿರುಗಿ, "ನಮ್ ಸೊಸೆ ಬಲಗೈನ ಜಾಲಳ್ಳೀಲೇ ಮರ್ತು ಬಂದವ್ಳೆ" ಎಂದರು. ಎಲ್ಲರೂ ನಕ್ಕರು. ಅಂದಿನಿಂದ ನಮ್ಮ ಕಡೆಯ ಯಾವ ಮದುವೆ ಮುಂಜಿಯಲ್ಲೂ ನನಗೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಬಂದವರನ್ನು ಮಾತಾಡಿಸುವ ಕೆಲಸ. ಓರಗಿತ್ತಿಯರು ಬೆವರು ಒರೆಸಿಕೊಳ್ಳುತ್ತ ಸಾರು ಬಡಿಸುವಾಗ ನಾನು ಫ್ಯಾನಿನ ಕೆಳಗಿರುತ್ತೇನೆ. ಅವಮಾನಕ್ಕೂ ಒಂದು ಅನುಕೂಲವಿದೆ.

ಹೀಗೆ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಪರರ ಸಂಬಳದ ಲೆಕ್ಕ ಮಾಡಿಕೊಂಡು, ಮನೆಯಲ್ಲಿ ಎಡಗೈಯನ್ನು ಆದಷ್ಟು ಮಡಿಲಲ್ಲಿಟ್ಟುಕೊಂಡು ಇದ್ದವಳ ಬಾಳಿನಲ್ಲಿ ಐರ್ಲೆಂಡ್ ಬಂದದ್ದು ಬಾಡಿಗೆದಾರನ ರೂಪದಲ್ಲಿ. ಅವನ ಹೆಸರು ಕಾನರ್. ಅತ್ತಿಬೆಲೆಯ ಕಡೆ ಒಂದು ಕಾರ್ಖಾನೆಯಲ್ಲಿ ಹೊಸ ಯಂತ್ರಗಳನ್ನು ಕೂರಿಸಲು ಬಂದ ಎಂಜಿನಿಯರು. ಕೆಲವೇ ತಿಂಗಳ ಕೆಲಸವೆಂದು ಬಂದವನು, ಯಂತ್ರಗಳಿಗೆ ಇಲ್ಲಿಯ ಕರೆಂಟು ಒಗ್ಗದೆ, ಎರಡನೆಯ ವರ್ಷಕ್ಕೆ ಕಾಲಿಟ್ಟಿದ್ದ. ಅತ್ತೆಯ ಬಾಯಲ್ಲಿ ಕಾನರ್ ಒಂದೇ ವಾರಕ್ಕೆ ಕೋನಪ್ಪನಾದ. ಇಲ್ಲೇ ಮಗ್ಗುಲಲ್ಲಿ ಕೋನಪ್ಪನ ಅಗ್ರಹಾರ ಇರುವಾಗ ಆ ಹೆಸರು ಪರದೇಶದ್ದೆಂದು ನಂಬಲು ಅವರು ತಯಾರಿರಲಿಲ್ಲ.

ಕೋನಪ್ಪ ಭಾನುವಾರ ಬೆಳಿಗ್ಗೆ ಟೆರೇಸಿನಲ್ಲಿ ಪಿಟೀಲು ನುಡಿಸುತ್ತಿದ್ದ. ನಮ್ಮ ಕಛೇರಿಗಳ ಪಿಟೀಲಲ್ಲ. ಮಕ್ಕಳು ಜಗಲಿಯಿಂದ ಜಗಲಿಗೆ ಹಾರುವಂಥ ಪಿಟೀಲು. ನಾನು ಬಟ್ಟೆ ಒಣಹಾಕುವ ನೆಪದಲ್ಲಿ ಒಣಗಿದ ಬಟ್ಟೆಗಳನ್ನೇ ಮತ್ತೆ ಹರವುತ್ತ ನಿಲ್ಲುತ್ತಿದ್ದೆ. ಇದನ್ನು ಗಮನಿಸಿದ ಅವನು, ವೈಟ್‌ಫೀಲ್ಡಿನಲ್ಲಿ ಭಾನುವಾರ ಮಧ್ಯಾಹ್ನ ಇಂಥದ್ದೇ ಸಂಗೀತ ನುಡಿಸುವ ಕೆಲವರು ಸೇರುತ್ತಾರೆ, ಬನ್ನಿ ಎಂದ. ಬೇಗೂರಿನಿಂದ ವೈಟ್‌ಫೀಲ್ಡಿಗೆ ವಾರದ ದಿನ ಹೊರಟರೆ ಅಷ್ಟು ಹೊತ್ತಿಗೆ ಐರ್ಲೆಂಡನ್ನೇ ತಲುಪಬಹುದು. ಭಾನುವಾರವಾದ್ದರಿಂದ ಹೋದೆ.

ಅದೊಂದು ಕಾಫಿ ಅಂಗಡಿಯ ಮಹಡಿ. ಒಂದು ಮೇಜಿನ ಸುತ್ತ ಏಳೆಂಟು ಜನ. ವೇದಿಕೆಯಿಲ್ಲ, ಮೈಕಿಲ್ಲ, ಸ್ವಾಗತ ಭಾಷಣವಿಲ್ಲ, ಶಾಲು ಹಾರವಿಲ್ಲ, ಎರಡು ಮಾತು ಎಂದು ಹೇಳಿ ಇನ್ನೂರು ಆಡುವ ಮುಖ್ಯ ಅತಿಥಿಗಳಿಲ್ಲ. ಬೆಂಗಳೂರಿನಲ್ಲಿ ಇಂಥದ್ದು ನಡೆಯಲು ಪೊಲೀಸರ ಅನುಮತಿ ಹೇಗೆ ಸಿಕ್ಕಿತೋ. ಯಾರೋ ಒಬ್ಬರು ಒಂದು ಮಟ್ಟು ಶುರು ಮಾಡುತ್ತಾರೆ, ಗೊತ್ತಿದ್ದವರು ಸೇರಿಕೊಳ್ಳುತ್ತಾರೆ, ಮೂರು ಸಲ ನುಡಿಸಿ ಇನ್ನೊಂದಕ್ಕೆ ಜಾರುತ್ತಾರೆ. ಅವರ ನಡುವೆ ಒಬ್ಬರು ಬ್ಯಾಂಜೊ ಹಿಡಿದಿದ್ದರು. ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಒಂದೊಂದು ಸ್ವರವೂ ಸಿಡಿದು ಬೀಳುತ್ತಿತ್ತು. ಮೇಜಿನ ಮೇಲೆ ನನ್ನ ಬಲಗೈ ಸಂಭಾವಿತವಾಗಿ ಕಾಫಿ ಲೋಟ ಹಿಡಿದುಕೊಂಡಿತ್ತು. ಕೆಳಗೆ ಎಡಗೈ ಸೀರೆಯ ಮೇಲೆ ಕುಣಿಯುತ್ತಿತ್ತು. ಮನೆಗೆ ಬರುವಷ್ಟರಲ್ಲಿ ನನಗೆ ಆ ವಾದ್ಯ ಬೇಕಾಗಿತ್ತು, ಮಕ್ಕಳಿಗೆ ಬಲೂನು ಬೇಕಾಗುವ ಹಾಗೆ.

ಬ್ಯಾಂಜೊ ನುಡಿಸುತ್ತಿದ್ದವರು ಶ್ರೀವತ್ಸ. ಹುಟ್ಟಿದ್ದು ಬಸವನಗುಡಿ, ಕೆಲಸ ಸಾಫ್ಟ್‌ವೇರು, ಭಾನುವಾರದ ಮಟ್ಟಿಗೆ ಐರಿಶ್. ಬೇಸಿಗೆಯಲ್ಲೂ ಉಣ್ಣೆಯ ಚಪ್ಪಟೆ ಟೋಪಿ. ಐರ್ಲೆಂಡನ್ನು ವಿಮಾನದ ಕಿಟಕಿಯಿಂದಲೂ ಕಂಡವರಲ್ಲ, ಹಾಗಾಗಿ ಅಲ್ಲಿಯ ಸಂಪ್ರದಾಯದ ವಿಷಯದಲ್ಲಿ ಅವರಿಗೆ ಯಾವ ಗೊಂದಲವೂ ಇರಲಿಲ್ಲ. ನನಗೆ ಎಡಗೈ ಬ್ಯಾಂಜೊ ಬೇಕೆಂದಾಗ ಅವರು ಟೋಪಿ ಸರಿಪಡಿಸಿಕೊಂಡು, "ಟ್ರೆಡಿಷನ್‌ನಲ್ಲಿ ಲೆಫ್ಟ್ ಹ್ಯಾಂಡ್ ಅನ್ನೋದೇ ಇಲ್ಲ ಮೇಡಂ" ಎಂದರು. ಕೋನಪ್ಪ ಮೆಲ್ಲಗೆ, ತನ್ನ ಸೋದರಮಾವನೇ ಎಡಗೈಯಲ್ಲಿ ಬ್ಯಾಂಜೊ ನುಡಿಸುತ್ತಿದ್ದ ಎಂದ. ಅದನ್ನು ಶ್ರೀವತ್ಸ ಅಪವಾದವೆಂದು ತಳ್ಳಿಹಾಕಿದರು. ಐರ್ಲೆಂಡಿನವರ ಮಾತು ಕೇಳಿಕೊಂಡು ಐರಿಶ್ ಸಂಪ್ರದಾಯ ಉಳಿಸಲು ಸಾಧ್ಯವೆ?

ನಾನು ಅಂಗಡಿ ಅಲೆದೆ. ಮೊದಲನೆಯವರು ಬ್ಯಾಂಜೊ ಎಂದೊಡನೆ ಸಂತೋಷದಿಂದ ಗುಂಡಿಗಳ ಪೆಟ್ಟಿಗೆ ತಂದಿಟ್ಟರು. ಎಡಗೈಯವರಿಗೆ ಎಂದೆ. ತಿರುಗಿಸಿ ಇಟ್ಟುಕೊಳ್ಳಿ ಮೇಡಂ ಎಂದರು. ಇನ್ನೊಂದು, ಗಾಜು ಹಾಕಿದ ತಂಪಾದ ಅಂಗಡಿ. ಅಲ್ಲಿದ್ದ ಉದ್ದ ಕೂದಲಿನ ಯುವಕ ನನ್ನ ತಲೆಯ ನೆರೆಯನ್ನು ಗೌರವದಿಂದ ನೋಡಿ, ನಿಮ್ಮ ವಯಸ್ಸಿಗೆ ಯುಕುಲೆಲೆ ಚೆನ್ನಾಗಿರುತ್ತದೆ ಎಂದ. ಯುಕುಲೆಲೆ ಎಂಬುದು ವಾನಪ್ರಸ್ಥಾಶ್ರಮದ ವಾದ್ಯವೆಂದು ನನಗೆ ಗೊತ್ತಿರಲಿಲ್ಲ. ಅವನ ಬಳಿಯಿದ್ದ ಬ್ಯಾಂಜೊಗೆ ಐದು ತಂತಿ. ಅದು ಅಮೆರಿಕದವರ ಬೇರೆಯೇ ಬಗೆಯ ಸಂಗೀತಕ್ಕೆ. ನನಗೆ ಬೇಕಾದ ನಾಲ್ಕು ತಂತಿಯದನ್ನು, ಅದೂ ಎಡಗೈಯವರದನ್ನು, ಇಂದಿನವರೆಗೆ ಯಾರೂ ಕೇಳಿಲ್ಲವೆಂದ. ಮಾತಿನಲ್ಲಿ ಅಭಿನಂದನೆಯ ಧಾಟಿಯಿತ್ತು.

ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಅಲ್ಲಿ ಎಡಚರೇ ಎರಡು ಪಕ್ಷವಾಗಿ ಬಡಿದಾಡುತ್ತಿದ್ದರು. ಒಂದು ಪಕ್ಷ, ತಂತಿಯ ಮೇಲೆ ಬೆರಳೊತ್ತುವುದೇ ಕಷ್ಟದ ಕೆಲಸ, ಅದಕ್ಕೆ ನಿಮ್ಮ ಚುರುಕಾದ ಎಡಗೈ ಸರಿ, ಆದ್ದರಿಂದ ಬಲಗೈಯವರ ಬ್ಯಾಂಜೊವನ್ನೇ ಕಲಿಯಿರಿ ಎನ್ನುತ್ತಿತ್ತು. ಇನ್ನೊಂದು ಪಕ್ಷ, ಹಾಗಿದ್ದರೆ ಬಲಗೈಯವರೆಲ್ಲ ಬಲಗೈಯಲ್ಲಿ ಏಕೆ ಬೆರಳೊತ್ತುವುದಿಲ್ಲ ಎಂದು ಕೇಳುತ್ತಿತ್ತು. ಈ ಪ್ರಶ್ನೆಗೆ ಮೊದಲ ಪಕ್ಷದಲ್ಲಿ ಉತ್ತರವಿರಲಿಲ್ಲ, ಆದರೆ ಜನಬಲವಿತ್ತು.

ಅಷ್ಟರಲ್ಲಿ ಶ್ರೀವತ್ಸ ದೊಡ್ಡ ಮನಸ್ಸು ಮಾಡಿ ತಮ್ಮ ಹಳೆಯ ಬ್ಯಾಂಜೊವನ್ನು ಕಲಿಯಲು ಕೊಟ್ಟರು. ಬಲಗೈಯವರದು. ಬಲಗೈಯಲ್ಲಿ ಬರೆಯುತ್ತೀರಿ, ಬಲಗೈಯಲ್ಲಿ ಊಟ ಮಾಡುತ್ತೀರಿ, ಇದೇನು ಮಹಾ ಎಂದರು. ವಾದ ಬಲವಾಗಿತ್ತು. ಒಂದು ಮಳೆಗಾಲವಿಡೀ ಆಫೀಸಿನಿಂದ ಬಂದು ಟೆರೇಸಿನ ಶೀಟಿನ ಕೆಳಗೆ ಕೂತು ಕಲಿತೆ. ಬಿಲ್ಲೆ ಹಿಡಿದ ಬಲಗೈ, ಸರ್ಕಾರಿ ಕಚೇರಿಯ ಗುಮಾಸ್ತನಂತೆ, ಹೇಳಿದ್ದನ್ನು ಮಾಡುತ್ತಿತ್ತು. ಆದರೆ ಹೇಳಿದ ಸಮಯಕ್ಕಲ್ಲ. ತಾಳ ಒಂದು ಕಡೆ, ತಂತಿ ಇನ್ನೊಂದು ಕಡೆ. ಮಂಜುನಾಥ ಒಳ್ಳೆಯವರು. ಕಿಟಕಿಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದರು. ಕೋನಪ್ಪನ ಪಿಟೀಲು ಕೇಳಿದಾಗ ಮಕ್ಕಳು ಜಗಲಿ ಹಾರುತ್ತಿದ್ದರೆ, ನನ್ನದನ್ನು ಕೇಳಿದಾಗ ಯಾರೋ ಮೆಟ್ಟಿಲಿನಿಂದ ಪಾತ್ರೆಗಳೊಂದಿಗೆ ಉರುಳುತ್ತಿದ್ದರು. ನಗುತ್ತಲೇ ಹೇಳುತ್ತಿದ್ದೇನೆ; ಆದರೆ ಒಂದು ಸಂಜೆ ಬ್ಯಾಂಜೊ ಪಕ್ಕಕ್ಕಿಟ್ಟು, ಇದೂ ನನಗಲ್ಲ ಎಂದುಕೊಂಡಾಗ ನಿಜವಾಗಿ ಅಳು ಬಂತು. ಈ ವಯಸ್ಸಿನಲ್ಲಿ ವಾದ್ಯವೊಂದಕ್ಕಾಗಿ ಅಳುವುದನ್ನು ಯಾರಾದರೂ ನೋಡಿದರೆ ಏನು ಗತಿ ಎಂದು ಕಣ್ಣೊರೆಸಿಕೊಂಡರೆ, ಎದುರಿಗೆ ಅವರೇಕಾಯಿಯ ಮೊರ ಹಿಡಿದು ಅತ್ತೆ ನಿಂತಿದ್ದರು.

"ಯಾಕೆ ಇಂಗ್ ಒದ್ದಾಡ್ತೀಯ? ಆ ಕೈ ನಿನ್ ಮಾತ್ ಕೇಳಲ್ಲ ಅಂತ ಗೊತ್ತಲ್ಲ."

"ಎಡಗೈ ಬಳಸಬಾರ್ದು ಅಂತ ನೀವೇ ಅಲ್ವಾ ಅತ್ತೆ ಹೇಳಿದ್ದು?"

ಅತ್ತೆ ಕೂತು ಅವರೇಕಾಯಿ ಬಿಡಿಸತೊಡಗಿದರು. "ನಾನೇಳಿದ್ದು ಬಡ್ಸಕ್ಕೆ. ಇದನ್ನ ಯಾರಾದ್ರೂ ತಿಂತಾರ?"

ಆಮೇಲೆ ಅವರು ಹೇಳಿದ್ದಿಷ್ಟು. ಹೊಲವಿದ್ದ ಕಾಲದಲ್ಲಿ ರಾಗಿ ಕೊಯ್ಲಿಗೆ ಬರುತ್ತಿದ್ದವರಲ್ಲಿ ಒಬ್ಬಳು ಎಡಚಿ. ಎಲ್ಲರ ಕುಡುಗೋಲಿನ ಹಲ್ಲುಗಳನ್ನೂ ಬಲಗೈಯವರಿಗೆ ಸರಿಯಾಗಿ ಕೊರೆದಿರುವುದರಿಂದ ಅವಳು ಎಷ್ಟು ದುಡಿದರೂ ಸಾಲಿನಲ್ಲಿ ಹಿಂದೆ ಬೀಳುತ್ತಿದ್ದಳು. ನಮ್ಮ ಮಾವನವರು ಕುಲುಮೆಯವನಿಗೆ ಹೇಳಿ ಹಲ್ಲನ್ನು ಆ ಕಡೆಗೆ ಕೊರೆಸಿ ಅವಳಿಗೊಂದು ಬೇರೆ ಕುಡುಗೋಲು ಮಾಡಿಸಿಕೊಟ್ಟರು. ಅದಾದ ಮೇಲೆ ಅವಳನ್ನು ಹಿಡಿಯುವವರಿರಲಿಲ್ಲ.

"ನಿಂಗೂ ಅಂಗೇ ಒಂದ್ ಮಾಡಿಸ್ಬೇಕು. ಕೋನಪ್ಪನ್ನ ಕೇಳು, ಅವರೂರಲ್ಲಿ ಮಾಡೋರು ಇರ್ತಾರೆ."

ಇದೇ ನ್ಯಾಯವನ್ನು ಪಾಯಸದ ಸೌಟಿಗೂ ಅನ್ವಯಿಸಬಹುದಲ್ಲ ಎಂದು ಕೇಳುವ ಆಸೆಯಾಯಿತು. ಕೇಳಲಿಲ್ಲ. ಫ್ಯಾನಿನ ಕೆಳಗಿನ ಕುರ್ಚಿ ಕೈತಪ್ಪಿದರೆ?

ಕೋನಪ್ಪನಿಗೆ ಇದು ಬಹಳ ಸುಲಭದ ವಿಷಯವಾಗಿತ್ತು. ಬ್ಯಾಂಜೊ ದುಂಡಗಿನ ವಾದ್ಯ, ನಾಲ್ಕು ತಂತಿಯದಂತೂ ಎಡಕ್ಕೂ ಬಲಕ್ಕೂ ಒಂದೇ. ತಂತಿಗಳ ಕ್ರಮ ತಿರುಗಿಸಿ, ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿಯನ್ನು ಹೊಸದಾಗಿ ಕೊರೆದು, ಕೈಯೂರುವ ಆಸರೆಯನ್ನು ಆ ಬದಿಗೆ ಹಾಕಿದರೆ ಮುಗಿಯಿತು ಎಂದ. ಇಷ್ಟೇನಾ ಎಂದೆ. ಇಷ್ಟೇ ಎಂದ. ಇಷ್ಟಕ್ಕೇ ನಾನು ಒಂದು ಮಳೆಗಾಲ ಕಳೆದುಕೊಂಡಿದ್ದೆ. ಕ್ರಿಸ್‌ಮಸ್ಸಿಗೆ ಊರಿಗೆ ಹೋಗುತ್ತಿದ್ದೇನೆ, ಅಲ್ಲಿ ಪರಿಚಯದವರೊಬ್ಬರು ಬ್ಯಾಂಜೊ ಮಾಡುತ್ತಾರೆ, ಎಡಗೈಗೆಂದೇ ಮಾಡಿದ್ದನ್ನು ತರುತ್ತೇನೆ ಎಂದ. ಒಂದೇ ಪ್ರಶ್ನೆ ಉಳಿದಿತ್ತು: ಗಿಡ್ಡ ಕುತ್ತಿಗೆಯದೋ, ಉದ್ದ ಕುತ್ತಿಗೆಯದೋ? ಉದ್ದದ್ದಕ್ಕೆ ದನಿ ಹೆಚ್ಚು, ಗಿಡ್ಡದ್ದರಲ್ಲಿ ಬೆರಳಿಗೆ ಆಯಾಸ ಕಡಿಮೆ. ನನ್ನ ಬಲಗೈಯನ್ನು ಮೇಜಿನ ಮೇಲೆ ಅಗಲಿಸಲು ಹೇಳಿ ಅಳೆದ. ಬೆರಳೊತ್ತುವ ಕೆಲಸ ಇನ್ನು ಅದರದಲ್ಲವೆ? ಪಕ್ಕದಲ್ಲಿದ್ದ ಅತ್ತೆ ತಮ್ಮ ಗೇಣನ್ನೂ ಅಳೆಸಿಕೊಂಡರು. ಅದು ನನ್ನದಕ್ಕಿಂತ ದೊಡ್ಡದೆಂದು ತಿಳಿದು ತೃಪ್ತರಾದರು. ನನಗೆ ಗಿಡ್ಡ ಕುತ್ತಿಗೆಯದೆಂದು ತೀರ್ಮಾನವಾಯಿತು. ಶ್ರೀವತ್ಸ ಉದ್ದದ್ದೇ ಸರಿಯೆಂದು ಸಂದೇಶ ಕಳಿಸಿದರು. ಅದನ್ನು ಓದಿದ್ದಕ್ಕೆ ಗುರುತಾಗಿ ನೀಲಿ ಗೆರೆಗಳು ಬಿದ್ದವು, ಅಷ್ಟೇ.

ಹೊಸ ವರ್ಷದಲ್ಲಿ ಕೋನಪ್ಪ ಬ್ಯಾಂಜೊದೊಂದಿಗೆ ಮರಳಿದ. ಮೊದಲ ಸಲ ಅದನ್ನು ತೊಡೆಯ ಮೇಲಿಟ್ಟು ಎಡಗೈಯಲ್ಲಿ ಬಿಲ್ಲೆ ಹಿಡಿದಾಗ ಏನೋ ಮಹತ್ತರವಾದದ್ದು ಆಗಬೇಕಿತ್ತು. ಕೆಟ್ಟದಾಗಿ ಕೇಳಿಸಿತು. ಆದರೆ ಅದು ಬೇರೆ ಬಗೆಯ ಕೆಟ್ಟದ್ದು, ಸರಿಹೋಗಬಹುದಾದ ಕೆಟ್ಟದ್ದು. ಕೈ ತಾಳದ ಮೇಲೆ ಬೀಳುತ್ತಿತ್ತು. ತಪ್ಪು ಸ್ವರವಾದರೂ ಸರಿಯಾದ ಹೊತ್ತಿಗೆ ಬರುತ್ತಿತ್ತು. ಮಂಜುನಾಥ ಮುಚ್ಚಿದ ಕಿಟಕಿಗಳಲ್ಲಿ ಒಂದನ್ನು ತೆರೆದರು.

ಕೋನಪ್ಪ ಒಂದು ಮಟ್ಟು ಹೇಳಿಕೊಟ್ಟ. ಸಣ್ಣದು, ಹಳ್ಳಿಯವರು ಕುಣಿಯುವಾಗ ನುಡಿಸುವಂಥದ್ದು. ಅದನ್ನು ಕಲಿಯುತ್ತಿರುವಾಗಲೇ ಇಷ್ಟು ಕಾಲ ಕೆಟ್ಟುಕೊಂಡು ನನ್ನನ್ನು ಕಾಪಾಡಿದ್ದ ಅತ್ತಿಬೆಲೆಯ ಯಂತ್ರಗಳು ಒಮ್ಮೆಲೇ ಸರಿಹೋದವು. ಕಾರ್ಖಾನೆಯವರು ಸಿಹಿ ಹಂಚಿದರಂತೆ. ಕೋನಪ್ಪನಿಗೆ ಊರಿಗೆ ಮರಳಲು ಹೇಳಿದರು. ಹೊರಡುವ ಮುಂಚಿನ ಭಾನುವಾರ ವೈಟ್‌ಫೀಲ್ಡಿಗೆ ನೀವೂ ಬ್ಯಾಂಜೊ ತಂದು ಕೂರಬೇಕು ಎಂದು ಅವನು ಹಟ ಹಿಡಿದ. ಒಂದೇ ಮಟ್ಟು ಬರುತ್ತದೆ ಎಂದೆ. ಸಾಕು ಎಂದ. ಅತ್ತೆ ತಾವೂ ಬರುವುದಾಗಿ ಘೋಷಿಸಿ ರೇಷ್ಮೆ ಸೀರೆ ಉಟ್ಟು ಕಾರಿನ ಮುಂದಿನ ಸೀಟಿನಲ್ಲಿ ಕೂತರು.

ಆ ದಿನ ಮೇಜಿನ ಸುತ್ತ ಜಾಗ ಇಕ್ಕಟ್ಟಾಗಿತ್ತು. ಶ್ರೀವತ್ಸರ ಎಡಕ್ಕೊಂದು ಕುರ್ಚಿ ಖಾಲಿಯಿತ್ತು, ಕೂತೆ. ಅವರ ಬ್ಯಾಂಜೊದ ಕುತ್ತಿಗೆ ನನ್ನ ಕಡೆ, ನನ್ನದು ಅವರ ಕಡೆ. ಎತ್ತಿದ ಕೂಡಲೇ ಎರಡೂ ಡಿಕ್ಕಿ ಹೊಡೆದವು. ಕ್ಷಮೆ ಕೇಳಿ ಮತ್ತೆ ಎತ್ತಿದೆ, ಮತ್ತೆ ಹೊಡೆದವು. ಶ್ರೀವತ್ಸ ನಿಟ್ಟುಸಿರು ಬಿಟ್ಟು, ಇದಕ್ಕೇ ಹೇಳಿದ್ದು ಮೇಡಂ, ನೀವು ಹಿಂದಿನ ಸಾಲಲ್ಲಿ ಗೋಡೆ ಪಕ್ಕ ಕೂತರೆ ಎಲ್ಲರಿಗೂ ಅನುಕೂಲ ಎಂದರು. ಗೋಡೆಯ ಪಕ್ಕ, ಬಾಗಿಲ ಬಳಿ. ನನಗೆ ಅಭ್ಯಾಸವಿರುವ ಜಾಗಗಳು. ನಾನು ಎದ್ದೇಬಿಟ್ಟಿದ್ದೆ.

ಆಗ ಕಾಫಿ ಕುಡಿಯುತ್ತ ಕೂತಿದ್ದ ಅತ್ತೆ ಲೋಟ ಕೆಳಗಿಟ್ಟರು.

"ಅವ್ಳು ಎಡಗೈಯವ್ಳು ಕಣಪ್ಪ. ಹಿಂದುಕ್ಯಾಕೆ ಓಗ್ಬೇಕು? ನೀನು ಒಸಿ ಆಚೆ ಜರುಗು, ಅವ್ಳು ನಿನ್ ಬಲಗಡೆ ಕೂತ್ಕಳ್ಲಿ. ಕೊಂಬಿಗೆ ಕೊಂಬು ತಗಲ್ದಂಗೆ ಎತ್ತು ಕಟ್ಟಿ ಗೊತ್ತಿಲ್ವ?"

ಇಷ್ಟು ವರ್ಷಗಳಲ್ಲಿ ಅತ್ತೆ ನಾಲ್ಕು ಜನರ ಮುಂದೆ ನನ್ನ ಎಡಗೈಯ ಮಾತೆತ್ತಿದ್ದು ಅದು ಎರಡನೆಯ ಸಲ. ಈ ಸಲ ಯಾರೂ ನಗಲಿಲ್ಲ. ಶ್ರೀವತ್ಸರಿಗೆ ಎತ್ತು ಕಟ್ಟಿ ಗೊತ್ತಿರಲಿಲ್ಲ, ಆದರೂ ಜರುಗಿದರು. ಅವರ ಬ್ಯಾಂಜೊದ ಕುತ್ತಿಗೆ ತಾಗದಿರಲು ಕೊಳಲಿನವನು ಜರುಗಿದ, ಅವನಿಗಾಗಿ ಗಿಟಾರಿನವಳು ಜರುಗಿದಳು. ಕುರ್ಚಿಗಳು ಕರಕರ ಎಂದು ಇಡೀ ವೃತ್ತ ಒಂದು ಸ್ಥಾನ ಸುತ್ತಿಕೊಂಡಿತು. ನಾನು ಶ್ರೀವತ್ಸರ ಬಲಕ್ಕೆ ಕೂತೆ. ಎರಡು ಬ್ಯಾಂಜೊಗಳ ಕುತ್ತಿಗೆಗಳು ಈಗ ಆಚೆಗೊಂದು ಈಚೆಗೊಂದು ಚಾಚಿಕೊಂಡವು, ನಡುವೆ ಬೇಕಾದಷ್ಟು ಜಾಗ. ಶ್ರೀವತ್ಸ ಇದನ್ನು ಸ್ವಲ್ಪ ಹೊತ್ತು ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಂಡರು. ಅವರಿಗೆ ಕೂದಲು ಕಡಿಮೆಯೆಂದು ನಮಗೆಲ್ಲ ಆಗ ತಿಳಿಯಿತು.

ಕೋನಪ್ಪ ಆ ಮಟ್ಟನ್ನೇ ಶುರು ಮಾಡಿದ, ನನಗಾಗಿ ನಿಧಾನವಾಗಿ. ಮೊದಲ ಸುತ್ತಿನಲ್ಲಿ ಅರ್ಧಕ್ಕೇ ತಪ್ಪಿ ನಿಂತುಬಿಟ್ಟೆ. ಯಾರೂ ನಿಲ್ಲಲಿಲ್ಲ, ಯಾರೂ ನನ್ನತ್ತ ನೋಡಲೂ ಇಲ್ಲ. ಎರಡನೆಯ ಸುತ್ತಿನಲ್ಲಿ ಗೊತ್ತಿದ್ದ ಕಡೆ ಸೇರಿಕೊಂಡೆ, ಗೊತ್ತಿಲ್ಲದ ಕಡೆ ಬರಿದೆ ತಾಳ ಮೀಟಿದೆ. ಮೂರನೆಯದರಲ್ಲಿ ಕೈ ಅದರ ಪಾಡಿಗೆ ಅದು ಹೋಗುತ್ತಿತ್ತು. ನಾನು ಅದರ ಹಿಂದೆ ಓಡುತ್ತಿದ್ದೆ. ಮಟ್ಟು ಮುಗಿದಾಗ ನಾನೂ ಎಲ್ಲರ ಜೊತೆಗೇ ಮುಗಿಸಿದ್ದೆ. ಆ ಹೊತ್ತಿನಲ್ಲಿ ನನಗೆ ವ್ಯಂಗ್ಯವಾಗಿ ಹೇಳಲು ಏನೂ ತೋಚಲಿಲ್ಲ.

ಅತ್ತೆಗೆ ತೋಚಿತು. "ಇದೇನು, ಒಂದೇ ಪದವ ಮೂರ್ ಮೂರ್ ಸಲ ಬಾರುಸ್ತೀರಿ? ನಿಂಗೆ ಇನ್ನೊಂದ್ ಬರಲ್ವ?"

"ಇಲ್ಲ ಅತ್ತೆ. ಇದೊಂದೇ ಬರೋದು."

ಅವರು ಲೋಟದಲ್ಲಿ ಉಳಿದಿದ್ದ ಕಾಫಿ ಮುಗಿಸಿದರು. ಸೆರಗಿನಿಂದ ಬಾಯೊರೆಸಿಕೊಂಡರು. ಕುರ್ಚಿಯನ್ನು ನಮ್ಮ ಕಡೆಗೆ ಎಳೆದುಕೊಂಡು ಚೆನ್ನಾಗಿ ಊರಿ ಕೂತರು.

"ಅಂಗಾರೆ ಅದನ್ನೇ ಇನ್ನೊಂದ್ ಸಲ ಬಾರ್ಸು" ಎಂದರು.

ಕೋನಪ್ಪ ಪಿಟೀಲನ್ನು ಮತ್ತೆ ಗದ್ದಕ್ಕೇರಿಸಿದ.